ಸಮಾಜಶಾಸ್ತ್ರ ಅಂದ್ರೆ ಮನೆ ಬಾಗಿಲು ತಟ್ಟೋದು | ದಾವಣಗೆರೆ ವ್ಲಾಗ್

ಬಸ್ಸಿನ ಕಿಟಕಿಯಿಂದ ತೆಗೆದ ಶಾಟ್ ಇದು, ಸ್ವಲ್ಪ ಅಲುಗಾಡುತ್ತದೆ, ಅಡ್ಜಸ್ಟ್ ಮಾಡಿಕೊಳ್ಳಿ. ಚಿತ್ರದುರ್ಗದಿಂದ ದಾವಣಗೆರೆ, ಅಲ್ಲಿಂದ ಹರಿಹರ. ರಸ್ತೆ ಬದಿಯ ಕಮಾನು, ಬೋರ್ಡುಗಳನ್ನೇ ನೋಡುತ್ತಾ ಹೋಗಿ. ಚಿತ್ರದುರ್ಗದ ಸುತ್ತಮುತ್ತ ಭೋವಿ ಗುರುಪೀಠ, ಮಾದಾರ ಚನ್ನಯ್ಯ ಗುರುಪೀಠ, ಮಡಿವಾಳ ಮಾಚಿದೇವರ ಪೀಠ, ಯಾದವ ಪೀಠ. ಈ ಕಡೆ ಬಂದರೆ ರಾಜನಹಳ್ಳಿಯಲ್ಲಿ ವಾಲ್ಮೀಕಿ ಗುರುಪೀಠ, ಬೆಳ್ಳೂಡಿಯಲ್ಲಿ ಕನಕ ಗುರುಪೀಠದ ಶಾಖಾ ಮಠ, ಹರಿಹರದ ಹತ್ತಿರ ಪಂಚಮಸಾಲಿ ಪೀಠ. ಎಲ್ಲವೂ ಕಿಟಕಿಗೆ ಕಾಣುವುದಿಲ್ಲ, ಆದರೆ ಎಲ್ಲಾ ಒಂದು ಮಧ್ಯಾಹ್ನದ ಓಡಾಟದೊಳಗೆ ಇವೆ. ನಮಗೆ ಇದು ಎಷ್ಟು ಅಭ್ಯಾಸ ಆಗಿದೆ ಅಂದರೆ, ಇಷ್ಟು ಹತ್ತಿರ ಹತ್ತಿರ ಇಷ್ಟೊಂದು ಸಮುದಾಯಗಳು ಸ್ವಂತ ಪೀಠ ಯಾಕೆ ಕಟ್ಟಿಕೊಂಡವು ಅಂತ ಯಾರೂ ಕೇಳುವುದಿಲ್ಲ.

ಸಮಾಜಶಾಸ್ತ್ರ ಓದುವವರ ಕೆಲಸ ಅಲ್ಲಿಂದ ಶುರು.

ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಉತ್ತರ ರೆಡಿ ಇರುತ್ತದೆ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೊಡವರ ಬಗ್ಗೆ 1952ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸಂಸ್ಕೃತೀಕರಣ ಅಂತ ಒಂದು ವಿಚಾರ ಹೇಳಿದರು. ಕೆಳಗಿನವರು ಅಂತ ಕರೆಸಿಕೊಂಡ ಜಾತಿಯವರು ಮೇಲಿನವರ ಆಚಾರ, ಊಟ, ಪೂಜೆ ಹಿಡಿದು ಮೇಲೇರಲು ನೋಡುತ್ತಾರೆ ಅಂತ. ಬರೆದರೆ ಹತ್ತು ಮಾರ್ಕ್ಸಿಗೆ ಎಂಟು ಗ್ಯಾರಂಟಿ. ಆದರೆ ಈ ಪೀಠಗಳ ಒಳಗೆ ಹೋಗಿ ನೋಡಿದರೆ ನನಗೆ ಅದು ಸಾಲುವುದಿಲ್ಲ ಅನ್ನಿಸುತ್ತದೆ. ಹಾಸ್ಟೆಲ್, ಶಾಲೆ, ಜಾತ್ರೆ, ಎಲ್ಲಾ ಪಕ್ಷದವರೂ ಬಂದು ಕೈಮುಗಿಯುವ ವೇದಿಕೆ, ಎಲ್ಲಾ ಒಂದೇ ಕಡೆ. 2019ರಲ್ಲಿ ಪರಿಶಿಷ್ಟ ಪಂಗಡದ ಮೀಸಲಾತಿ ಹೆಚ್ಚಿಸಿ ಅಂತ ಪಾದಯಾತ್ರೆ ಹೊರಟಿದ್ದು ರಾಜನಹಳ್ಳಿಯಿಂದ, ಬೆಂಗಳೂರಿನವರೆಗೆ. 2022ರಲ್ಲಿ ಅದು ಶೇ 3ರಿಂದ 7ಕ್ಕೆ ಏರಿತು. ಇದನ್ನು ಮೇಲಿನವರ ಅನುಕರಣೆ ಅಂತ ಬರೆದು ಕೈತೊಳೆದುಕೊಂಡರೆ ಹೇಗೆ? ನಮ್ಮದೂ ಒಂದು ಪೀಠ ಇದೆ, ನಮ್ಮನ್ನೂ ಲೆಕ್ಕಕ್ಕೆ ತಗೊಳ್ಳಿ ಅನ್ನುವ ಜೋರು ಧ್ವನಿ ಅದು.

ಸಿರಿಗೆರೆಯ ಕಥೆಯೂ ಹಾಗೆಯೇ. ಅಲ್ಲಿನ ತರಳಬಾಳು ಮಠದಲ್ಲಿ ಸೋಮವಾರ ನ್ಯಾಯಪೀಠ ನಡೆಯುತ್ತದೆ. ಜಮೀನಿನ ಜಗಳ, ಅಣ್ಣತಮ್ಮಂದಿರ ಪಾಲು, ಗಂಡ ಹೆಂಡತಿ ತಕರಾರು, ಎಲ್ಲಾ ಅಲ್ಲಿಗೆ ಬರುತ್ತದೆ. ಕೋರ್ಟು ಇದ್ದೇ ಇದೆ, ಆದರೂ ಜನ ಸ್ವಾಮಿಗಳ ಮುಂದೆ ಬಂದು ನಿಲ್ಲುತ್ತಾರೆ. ಮ್ಯಾಕ್ಸ್ ವೆಬರ್ ಅಧಿಕಾರದಲ್ಲಿ ಮೂರು ಬಗೆ ಹೇಳುತ್ತಾನೆ: ಪರಂಪರೆಯಿಂದ ಬಂದದ್ದು, ವ್ಯಕ್ತಿಯ ವರ್ಚಸ್ಸಿನಿಂದ ಬಂದದ್ದು, ಕಾನೂನಿನಿಂದ ಬಂದದ್ದು. ಜರ್ಮನಿಯಲ್ಲಿ ಕೂತು ಬರೆದ ಈ ಮೂರನ್ನು ಸಿರಿಗೆರೆಯ ಸೋಮವಾರಕ್ಕೆ ಹಚ್ಚಿ ನೋಡಿ, ಮಜಾ ಇರುತ್ತದೆ. ಅಲ್ಲಿ ಮೂರೂ ಸ್ವಲ್ಪ ಸ್ವಲ್ಪ ಬೆರೆತಿವೆ, ಯಾವುದು ಎಷ್ಟು ಅಂತ ಹೇಳಬೇಕಾದರೆ ಅಲ್ಲಿ ಹೋಗಿ ಕೂತು, ಬಂದವರನ್ನು ಮಾತಾಡಿಸಬೇಕು.

ಸಿಲಬಸ್ಸಿನಲ್ಲಿ ಏನೇನಿದೆ ಅಂದರೆ ಕುಟುಂಬ, ಮದುವೆ, ಜಾತಿ, ವರ್ಗ, ಲಿಂಗ, ಧರ್ಮ, ಗ್ರಾಮ, ನಗರ, ದುಡಿಮೆ, ವಲಸೆ, ಅಪರಾಧ. ಜೊತೆಗೆ ಈ ವಿಷಯ ಕಟ್ಟಿದ ಚಿಂತಕರು: ಕಾಮ್ಟ್, ಮಾರ್ಕ್ಸ್, ಡರ್ಕಿಮ್, ವೆಬರ್, ನಮ್ಮಲ್ಲಿ ಘುರ್ಯೆ, ಇರಾವತಿ ಕರ್ವೆ, ಶ್ರೀನಿವಾಸ್. ಇದನ್ನೆಲ್ಲ ಗೈಡ್ ಓದಿಯೂ ಪಾಸ್ ಆಗಬಹುದು, ಸುಳ್ಳು ಹೇಳುವುದಿಲ್ಲ. ಆದರೆ ಸಂಶೋಧನಾ ವಿಧಾನ ಅನ್ನುವ ಪೇಪರ್ ಇದೆಯಲ್ಲ, ಎಲ್ಲರೂ ಬೋರು ಅಂತ ಬಿಡುವ ಪೇಪರ್, ಅದೇ ಈ ವಿಷಯದ ಜೀವ. ಯಾರನ್ನು ಕೇಳುವುದು, ಏನಂತ ಕೇಳುವುದು, ಯಾರು ಹೋಗಿ ಕೇಳುವುದು. ಉತ್ತರ ಅರ್ಧ ಅಲ್ಲೇ ತೀರ್ಮಾನ ಆಗಿಹೋಗಿರುತ್ತದೆ.

ಈಗ ಕಾಣುತ್ತಿರುವುದು ಮಂಡಕ್ಕಿ ಭಟ್ಟಿ. ದಾವಣಗೆರೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಊರಿನವರಿಗೆ ಹೇಳುತ್ತೇನೆ. ನೀವು ಸಂಜೆ ಮಿರ್ಚಿ ಜೊತೆ ತಿನ್ನುವ ಮಂಡಕ್ಕಿ ಇಂಥ ಕಡೆ ತಯಾರಾಗುತ್ತದೆ. ಭತ್ತ ನೆನೆಸುವುದು, ಬೇಯಿಸುವುದು, ಒಣಗಿಸುವುದು, ಕೊನೆಗೆ ಕಾದ ಮರಳಲ್ಲಿ ಹುರಿಯುವುದು. ಹೊಗೆ, ಬಿಸಿ, ಧೂಳು. ಮನೆ ಎಲ್ಲಿ ಮುಗಿಯಿತು, ಭಟ್ಟಿ ಎಲ್ಲಿ ಶುರುವಾಯಿತು ಅಂತ ಗೊತ್ತಾಗದ ಹಾಗೆ ಇಡೀ ಸಂಸಾರ ದುಡಿಯುವ ಜಾಗಗಳು ಇಲ್ಲಿವೆ.

ಇಲ್ಲಿ ಒಬ್ಬ ಹೆಂಗಸಿನ ಹತ್ತಿರ ಹೋಗಿ "ನೀವು ಏನು ಕೆಲಸ ಮಾಡ್ತೀರಿ?" ಅಂತ ಕೇಳಿದರೆ ಬರುವ ಉತ್ತರ, "ಏನಿಲ್ಲಮ್ಮ, ಮನೇಲೇ ಇರ್ತೀನಿ." ಹೇಳುವಾಗಲೂ ಕೈಯಲ್ಲಿ ಮೊರ ಇರುತ್ತದೆ! ಅವರು ಸುಳ್ಳು ಹೇಳುತ್ತಿಲ್ಲ. ಕೆಲಸ ಅಂದರೆ ಸಂಬಳ ಬರುವುದು, ಹೊರಗೆ ಹೋಗಿ ಮಾಡುವುದು ಅಂತ ಎಲ್ಲರ ತಲೆಯಲ್ಲೂ ಕೂತಿದೆ. ಫಾರ್ಮಿನಲ್ಲಿ ನೀವು ಗೃಹಿಣಿ ಅಂತ ಟಿಕ್ ಹಾಕಿದಿರೋ, ಮುಗಿಯಿತು, ಆ ದುಡಿಮೆ ದಾಖಲೆಯಿಂದಲೇ ಮಾಯ. ಅದೇ ಹೆಂಗಸಿಗೆ "ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದಿರಿ, ಎದ್ದು ಮೊದಲು ಏನು ಮಾಡಿದಿರಿ, ಆಮೇಲೆ?" ಅಂತ ಕೇಳುತ್ತಾ ಹೋಗಿ. ರಾತ್ರಿಯವರೆಗಿನ ಲೆಕ್ಕ ತಾನಾಗಿ ಬರುತ್ತದೆ.

ಸರ್ಕಾರದ ಸಮಯ ಬಳಕೆ ಸಮೀಕ್ಷೆ ಇದೇ ದಾರಿ ಹಿಡಿಯಿತು. ಹಿಂದಿನ ದಿನದ 24 ಗಂಟೆಯನ್ನು ಅರ್ಧರ್ಧ ಗಂಟೆಗೆ ಕತ್ತರಿಸಿ ಕೇಳುವುದು. 2019ರಲ್ಲಿ ಸಿಕ್ಕ ಲೆಕ್ಕ ನೋಡಿ: ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲೇ ಕಳೆಯುತ್ತಾರೆ, ಮನೆಗೆಲಸ ಮಾಡುವ ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಕೇಳಿದಾಗ 289 ಮತ್ತು 88. ಇಬ್ಬರದೂ ಸ್ವಲ್ಪ ಇಳಿಯಿತು, ಅಂತರ ಮಾತ್ರ ಹಾಗೇ ಇದೆ. "ನೀವು ಮನೆಗೆಲಸದಲ್ಲಿ ಸಹಾಯ ಮಾಡ್ತೀರಾ?" ಅಂತ ಗಂಡಸರನ್ನು ಕೇಳಿದ್ದರೆ ಈ ಅಂಕಿ ಸಿಗುತ್ತಿತ್ತಾ? ಎಲ್ಲರೂ "ಹೂಂ ಮಾಡ್ತೀವಲ್ರಿ" ಅನ್ನುತ್ತಿದ್ದರು, ಅಷ್ಟೇ.

ಇನ್ನೊಂದು, ಆದಾಯ. ಫೈಲು ಹಿಡಿದುಕೊಂಡು ಯಾವುದೇ ಓಣಿಗೆ ಹೋಗಿ, ಮೊದಲು ಬರುವುದು ನಿಮ್ಮ ಪ್ರಶ್ನೆಯಲ್ಲ, ಅವರದು. "ಯಾವ ಸಂಘದಿಂದ ಬಂದೀಯಮ್ಮ? ಸಾಲದ್ದಾ?" ಅಲ್ಲ ಅಂದರೆ, "ಮತ್ತೆ ರೇಷನ್ ಕಾರ್ಡಿಂದಾ?" ಈಗ ವರ್ಷದ ಆದಾಯ ಎಷ್ಟು ಅಂತ ಕೇಳಿ ನೋಡೋಣ. ಬಿಪಿಎಲ್ ಕಾರ್ಡಿಗೆ ಮಿತಿ 1.2 ಲಕ್ಷ ರೂಪಾಯಿ. ಇಡೀ ಓಣಿಯ ಆದಾಯ ಅದರ ಕೆಳಗೇ ನಿಂತಿರುತ್ತದೆ. ಜನ ಜಾಣರು, ಬಿಡಿ, ಕಾರ್ಡು ಹೋದರೆ ಅಕ್ಕಿ ಹೋಯಿತು, ಆಸ್ಪತ್ರೆಯ ಅನುಕೂಲ ಹೋಯಿತು, ಇಷ್ಟೆಲ್ಲಾ ರಿಸ್ಕ್ ತಗೊಂಡು ಎಂ.ಎ. ಹುಡುಗಿಗೆ ನಿಜ ಹೇಳಬೇಕಾದ ಕರ್ಮ ಅವರಿಗೇನಿದೆ? ಅದಕ್ಕೇ ತಿಳಿದವರು ಆದಾಯ ಕೇಳುವುದಿಲ್ಲ, ಖರ್ಚು ಕೇಳುತ್ತಾರೆ. ತಿಂಗಳಿಗೆ ಎಣ್ಣೆ ಎಷ್ಟು ಕೆಜಿ, ಮಕ್ಕಳ ಫೀಸು ಎಷ್ಟು, ಬಾಡಿಗೆ ಎಷ್ಟು, ಚೀಟಿ ಎಷ್ಟು ಕಟ್ಟುತ್ತೀರಿ. ಚೀಟಿಯ ಲೆಕ್ಕ ಹೆಂಗಸರು ಬಹಳ ಖುಷಿಯಿಂದ ಹೇಳುತ್ತಾರೆ, ಗಂಡ ಮನೆಯಲ್ಲಿ ಇಲ್ಲದಿದ್ದರೆ ಇನ್ನೂ ಜಾಸ್ತಿ.

ಕೇಳುವವರು ಯಾರು ಅನ್ನುವುದೂ ಅಷ್ಟೇ ಮುಖ್ಯ. ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ 2015ರಲ್ಲಿ ಬಂದಾಗ ಐವತ್ತಕ್ಕೂ ಹೆಚ್ಚು ಪ್ರಶ್ನೆ, 2025ರಲ್ಲಿ 60. ಕೇಳಲು ಬಂದವರು ಹೆಚ್ಚಾಗಿ ಸರ್ಕಾರಿ ಶಾಲೆಯ ಮೇಷ್ಟ್ರು, ಟೀಚರುಗಳು. ಮಗನಿಗೆ ಪಾಠ ಹೇಳುವ ಮೇಷ್ಟ್ರು ಬಾಗಿಲಲ್ಲಿ ನಿಂತು ಜಾತಿ, ಉಪಜಾತಿ, ಸಾಲ, ಆಸ್ತಿ ಕೇಳುವುದಕ್ಕೂ, ಗೊತ್ತಿಲ್ಲದ ಯಾರೋ ಕೇಳುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಕೆಲವರು ಮೇಷ್ಟ್ರು ಅಂತ ನಂಬಿ ಹೇಳುತ್ತಾರೆ, ಕೆಲವರು ಮೇಷ್ಟ್ರಿಗೆ ಗೊತ್ತಾದರೆ ಊರಿಗೇ ಗೊತ್ತಾದಂತೆ ಅಂತ ಬಾಯಿ ಮುಚ್ಚುತ್ತಾರೆ.

ಮಾದರಿ ಆಯ್ಕೆ, ಅಂದರೆ ಎಲ್ಲರನ್ನೂ ಕೇಳಲು ಆಗದಾಗ ಯಾರನ್ನು ಆರಿಸಿ ಕೇಳುವುದು ಅನ್ನುವುದು, ಅದರ ಬಗ್ಗೆ ಜಾಸ್ತಿ ಎಳೆಯುವುದಿಲ್ಲ. ಒಂದೇ ಮಾತು. ಬೆಳಿಗ್ಗೆ ಹನ್ನೊಂದಕ್ಕೆ ವಿನೋಬನಗರದಲ್ಲಿ ಪ್ರತಿ ಹತ್ತನೇ ಮನೆ ತಟ್ಟುತ್ತಾ ಹೋದರೆ ಬಾಗಿಲು ತೆಗೆಯುವುದು ರಿಟೈರ್ ಆದವರು, ಅಜ್ಜಿಯರು, ಮನೆಯಲ್ಲೇ ಇರುವ ಸೊಸೆಯಂದಿರು. ಬೀಗ ಇದ್ದ ಮನೆ ಬಿಟ್ಟು ಪಕ್ಕದ ಮನೆ ಹಿಡಿದರೆ, ದುಡಿಯಲು ಹೋದವರೆಲ್ಲ ನಿಮ್ಮ ಅಧ್ಯಯನದಿಂದಲೇ ಹೊರಗೆ. ಮತ್ತೆ ಸಂಜೆ ಬನ್ನಿ. ಕಾಲು ನೋಯುತ್ತದೆ, ನೋಯಲಿ. ಮತದಾರರ ಪಟ್ಟಿ ಹಿಡಿದು ಹೆಸರು ಎತ್ತುವುದೂ ಒಂದು ದಾರಿ, ಆದರೆ ಬಾಡಿಗೆಯವರ, ವಲಸೆ ಬಂದವರ ಹೆಸರು ಎಷ್ಟೋ ಸಲ ಅಲ್ಲಿ ಇರುವುದಿಲ್ಲ. ಮುಚ್ಚಿಹೋದ ಕಾಟನ್ ಮಿಲ್ಲಿನ ಹಳೆಯ ಕಾರ್ಮಿಕರನ್ನು ಹುಡುಕಬೇಕೆಂದರೆ ಪಟ್ಟಿಯೇ ಸಿಗುವುದಿಲ್ಲ, ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾ ಹೋಗಬೇಕು. ಅಲ್ಲೂ ಎಚ್ಚರ. ಯೂನಿಯನ್ನಿನ ಒಬ್ಬರು ತೋರಿಸುವುದು ಅದೇ ಯೂನಿಯನ್ನಿನವರನ್ನೇ.

ಸಮೀಕ್ಷೆಯಲ್ಲಿ ಬಾರದ್ದು ಜೊತೆಗೆ ಇದ್ದರೆ ಬರುತ್ತದೆ. ಸಹಭಾಗಿ ಅವಲೋಕನ ಅನ್ನುತ್ತಾರೆ. ಶ್ರೀನಿವಾಸ್ 1948ರಲ್ಲಿ ಮೈಸೂರು ಹತ್ತಿರದ ಒಂದು ಹಳ್ಳಿಯಲ್ಲಿ ಹೋಗಿ ಇದ್ದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕಟ್ಟಡಕ್ಕೆ ಯಾರೋ ಬೆಂಕಿ ಹಚ್ಚಿದರು. ಅಷ್ಟು ವರ್ಷ ತಿದ್ದಿ ತಯಾರು ಮಾಡಿದ್ದ ಟಿಪ್ಪಣಿಗಳ ಮೂರೂ ಪ್ರತಿ ಅಲ್ಲೇ ಇದ್ದವು. ನೆನಪಿನಿಂದಲೇ ಮತ್ತೆ ಬರೆದರು, 1976ರಲ್ಲಿ ಪುಸ್ತಕ ಬಂತು. ಈ ಕಥೆ ಎಲ್ಲಾ ಕ್ಲಾಸಿನಲ್ಲೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು, ಅವರು ಊರಲ್ಲಿ ಎಲ್ಲಿದ್ದರು ಅನ್ನುವುದು. ಗೌಡರ ಎತ್ತಿನ ಮನೆಯಲ್ಲಿ. ಗೌಡರ ಅತಿಥಿಯಾದವರಿಗೆ ಊರು ಗೌಡರ ಜಗಲಿಯಿಂದ ಕಾಣುತ್ತದೆ. ದಲಿತರ ಕೇರಿ, ಮುಸ್ಲಿಮರ ಮನೆಗಳಿಗೆ ಅಷ್ಟು ಒಳಗೆ ಹೋಗಲು ಆಗಲಿಲ್ಲ ಅಂತ ಶ್ರೀನಿವಾಸರೇ ಬರೆದಿದ್ದಾರೆ. ಅದೇ ಹಳ್ಳಿಯನ್ನು ನೋಡುತ್ತಾ ಅವರು ಪ್ರಬಲ ಜಾತಿ, ಅಂದರೆ ಜನ, ಜಮೀನು, ಅಧಿಕಾರದ ಬಲದಿಂದ ಊರಲ್ಲಿ ಹಿಡಿತ ಇರುವ ಜಾತಿ, ಅನ್ನುವ ವಿಚಾರವನ್ನು ಬಿಡಿಸಿಟ್ಟರು, 1959ರಲ್ಲಿ. ಹಾಗಾಗಿ ನಿಮ್ಮ ಪ್ರಾಜೆಕ್ಟಿಗೆ ಹಳ್ಳಿಗೆ ಹೋಗುವಾಗ ಮೊದಲು ಯಾರ ಮನೆಯಲ್ಲಿ ಕಾಫಿ ಕುಡಿಯುತ್ತೀರಿ ಅನ್ನುವುದು ಸಣ್ಣ ವಿಷಯ ಅಲ್ಲ. ಇಡೀ ಊರು ನೋಡುತ್ತಿರುತ್ತದೆ.

ಯಾರನ್ನೂ ಕೇಳದೆಯೂ ಸಂಶೋಧನೆ ಆಗುತ್ತದೆ. ಡರ್ಕಿಮ್ ಆತ್ಮಹತ್ಯೆ ಬಗ್ಗೆ 1897ರಲ್ಲಿ ಬರೆದದ್ದು ಪೂರ್ತಿ ಸರ್ಕಾರಿ ಅಂಕಿಅಂಶದ ಮೇಲೆ. ವೈಯಕ್ತಿಕ ಅಂದುಕೊಂಡ ಸಾವಿನ ಹಿಂದೆಯೂ ಸಮಾಜ ಇದೆ ಅಂತ ತೋರಿಸಿದ. ದೊಡ್ಡ ಕೆಲಸ, ಅನುಮಾನ ಇಲ್ಲ. ಆದರೆ ದಾಖಲೆಯನ್ನು ಬರೆಯುವವರೂ ಮನುಷ್ಯರೇ. ನಮ್ಮ ಪತ್ರಿಕೆಗಳಲ್ಲಿ "ಹೊಟ್ಟೆನೋವಿನ ಬಾಧೆ ತಾಳಲಾರದೆ" ಅನ್ನುವ ಸಾಲನ್ನು ಎಷ್ಟು ಸಲ ಓದಿಲ್ಲ ನೀವು? ಅಷ್ಟೊಂದು ಜನರಿಗೆ ಹೊಟ್ಟೆನೋವಾ? ಮನೆಯವರು ಹೇಳಿದ್ದು, ಅದನ್ನೇ ಬರೆದುಕೊಂಡದ್ದು. ಆ ಒಂದು ಸಾಲಿನ ಹಿಂದೆ ಸಾಲವೋ, ವರದಕ್ಷಿಣೆಯೋ, ಜಾತಿ ಬಿಟ್ಟ ಪ್ರೀತಿಯೋ ಇರಬಹುದು. ಅಂಕಿ ಎಣಿಸುವ ಮೊದಲು ಅದನ್ನು ಯಾರು, ಯಾಕೆ ಹಾಗೆ ಬರೆದರು ಅಂತ ನೋಡಲೇಬೇಕು.

ಪ್ರಯೋಗವೂ ಉಂಟು. ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಾಸಗಿ ಕಂಪನಿಗಳಿಗೆ 4,800ಕ್ಕೂ ಹೆಚ್ಚು ಅರ್ಜಿ ಕಳಿಸಿದರು. ಓದು ಒಂದೇ ಮಟ್ಟದ್ದು, ಹೆಸರು ಮಾತ್ರ ಬೇರೆ ಬೇರೆ. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. "ನೀವು ಜಾತಿ ನೋಡ್ತೀರಾ?" ಅಂತ ಕಂಪನಿಯವರನ್ನು ಕೇಳಿದ್ದರೆ ಉತ್ತರ ಏನು ಬರುತ್ತಿತ್ತು ಅಂತ ಬೇರೆ ಹೇಳಬೇಕಾ? ಬಾಡಿಗೆ ಮನೆ ಹುಡುಕಿದವರಿಗೆ ಇದು ಚೆನ್ನಾಗಿ ಗೊತ್ತು. ಬೋರ್ಡಿನಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಅಂತಿರುತ್ತದೆ, ಫೋನಿನಲ್ಲಿ "ನೀವು ಯಾವ ಜನ?" ಅಂತ ಮೆಲ್ಲಗೆ ಬರುತ್ತದೆ. ಆ ಬೋರ್ಡುಗಳನ್ನು ಬಡಾವಣೆ ಬಡಾವಣೆ ತಿರುಗಿ ಎಣಿಸಿದರೆ ಅದೇ ಒಂದು ಒಳ್ಳೆಯ ಪ್ರಾಜೆಕ್ಟ್. ಖರ್ಚಿಲ್ಲ, ಯಾರ ಅನುಮತಿಯೂ ಬೇಡ.

ವಿಷಯ ಹುಡುಕುತ್ತಿರುವವರಿಗೆ ಇನ್ನೊಂದು ಹೇಳುತ್ತೇನೆ. ಶಕ್ತಿ ಯೋಜನೆ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಫ್ರೀ. ಎಲ್ಲರೂ ಧರ್ಮಸ್ಥಳಕ್ಕೆ ಹೋದರು ಅಂತ ತಮಾಷೆ ಮಾಡಿದ್ದೇ ಮಾಡಿದ್ದು. ಜಗಳೂರಿನಿಂದ, ಚನ್ನಗಿರಿಯಿಂದ ದಾವಣಗೆರೆಗೆ ಬರುವ ಬಸ್ಸಿನಲ್ಲಿ ಸುಮ್ನೆ ಕೂತು ಕೇಳಿ. ತವರಿಗಾ, ಆಸ್ಪತ್ರೆಗಾ, ಗಾರ್ಮೆಂಟಿಗಾ, ಕಾಲೇಜಿಗಾ? ಯಾರ ಜೊತೆ? ಮನೆಯಲ್ಲಿ ಯಾರನ್ನು ಕೇಳಿ ಹೊರಟಿರಿ? ಕೊನೆಯ ಪ್ರಶ್ನೆ ನನಗೆ ಬಹಳ ಇಷ್ಟ. ದುಡ್ಡು ಉಳಿಯಿತು ಅನ್ನುವುದು ಒಂದು, ಬಸ್ ಚಾರ್ಜಿಗೆ ಗಂಡನ ಮುಂದೆ ಕೈ ಚಾಚುವುದು ತಪ್ಪಿತು ಅನ್ನುವುದು ಬೇರೆಯೇ. ಆದರೆ ಯೋಜನೆಗೆ ಮೊದಲು ಎಷ್ಟು ಓಡಾಡುತ್ತಿದ್ದಿರಿ ಅಂತ ಈಗ ಕೇಳಿದರೆ ನೆನಪಿನಿಂದ ಹೇಳುತ್ತಾರೆ, ನೆನಪು ಈಗಿನ ಅಭಿಪ್ರಾಯದ ಬಣ್ಣ ಹಚ್ಚಿಕೊಂಡು ಬರುತ್ತದೆ. ವರದಿಯಲ್ಲಿ ಅದನ್ನೂ ಬರೆಯಿರಿ.

ಭಟ್ಟಿಯ ದೃಶ್ಯಗಳಲ್ಲಿ ಮುಖಗಳೇ ಇಲ್ಲವಲ್ಲ ಅಂತ ನಿಮಗೆ ಅನ್ನಿಸಿರಬಹುದು. ಬೇಕೆಂದೇ ತೆಗೆದಿಲ್ಲ. ಶ್ರೀನಿವಾಸ್ ತಮ್ಮ ಹಳ್ಳಿಗೆ ರಾಂಪುರ ಅಂತ ಬೇರೆ ಹೆಸರು ಇಟ್ಟಿದ್ದರು, ಆದರೂ ಅದು ಕೊಡಗಹಳ್ಳಿ ಅಂತ ಇವತ್ತು ಎಲ್ಲರಿಗೂ ಗೊತ್ತು. ಇಲ್ಲಿ ಹೆಸರು ಬದಲಾಯಿಸಿದರೂ ಆ ಸೀರೆ, ಆ ಧ್ವನಿ, ಆ ಬಾಗಿಲು ಸಾಕು, ಓಣಿಯವರು ಗುರುತು ಹಿಡಿಯುತ್ತಾರೆ. ಗುಟ್ಟಿನ ಚೀಟಿ, ಮಾಲೀಕನಿಂದ ತಗೊಂಡ ಮುಂಗಡ, ಇವೆಲ್ಲ ಅವರು ನನಗೆ ಹೇಳಿದ್ದು, ಯೂಟ್ಯೂಬಿಗಲ್ಲ. ಕ್ಯಾಮೆರಾ ಹೊರಗೆ ತೆಗೆದಾಗ ಒಬ್ಬರು, "ನನ್ನ ಮಗ ನೋಡ್ತಾನಾ ಇದನ್ನ?" ಅಂತ ಕೇಳಿದರು. ನೋಡಬಹುದು ಅಂದೆ. ಹಾಗಾದರೆ ಒಲೆ ಒಂದೇ ತಗೋ ಅಂದರು. ಒಲೆ ತಗೊಂಡೆ.