ಸ್ತನದ ಸಾಂದ್ರತೆ ಒಂದೇ ಜೀನಿನ ಕೆಲಸವಲ್ಲ

ಎಲ್ಲರಿಗೂ ನಮಸ್ಕಾರ. ಮ್ಯಾಮೊಗ್ರಾಮ್ ಅಂದರೆ ಸ್ತನದ ಎಕ್ಸ್-ರೇ ಅಂತ ಇಲ್ಲಿ ಕೂತಿರುವವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. "ನನಗಿನ್ನೂ ಮುಟ್ಟು ನಿಂತಿಲ್ಲ. ಸ್ತನದ ಸಾಂದ್ರತೆ ಜಾಸ್ತಿ ಅಂತ ರಿಪೋರ್ಟ್ ಬಂದಿದೆ. ಯಾವ ಜೀನ್ ಟೆಸ್ಟ್ ಮಾಡಿಸಲಿ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ನಾನು ಇವತ್ತು ಮಾತಾಡಲು ಒಪ್ಪಿದ್ದೇ ಅದಕ್ಕೆ. ಒಂದು ಜೀನ್, ಒಂದು ಉತ್ತರ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಗ್ರಂಥಿ ಮತ್ತು ನಾರಿನ ಭಾಗ ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುತ್ತದೆ, ಕೊಬ್ಬು ಕಪ್ಪಗೆ. ಆ ಬಿಳಿ ಭಾಗ ಎಷ್ಟಿದೆ ಅನ್ನುವುದೇ ಸಾಂದ್ರತೆ. ಕ್ಯಾನ್ಸರ್ ಗಡ್ಡೆಯೂ ಬೆಳ್ಳಗೇ. ಬಿಳಿ ಗೋಡೆಯ ಮೇಲೆ ಸುಣ್ಣದ ಚುಕ್ಕಿ ಹುಡುಕಿದ ಹಾಗೆ. ಅಷ್ಟೇ ಅಲ್ಲ, ಸಾಂದ್ರತೆ ತಾನೇ ಒಂದು ಅಪಾಯದ ಅಂಶ. ಚಿತ್ರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬೆಳ್ಳಗಿದ್ದವರಿಗೆ, ಬಿಳಿ ಭಾಗ ತೀರಾ ಕಡಿಮೆ ಇರುವವರಿಗಿಂತ ಅಪಾಯ ನಾಲ್ಕು ಪಟ್ಟಿಗೂ ಮೀರಿ ಇರುತ್ತದೆ. ಇನ್ನೊಂದು ಮಾತು: ಇದು ಮುಟ್ಟಿ ನೋಡಿದರೆ ಗೊತ್ತಾಗುವಂಥದ್ದಲ್ಲ. ಗಟ್ಟಿ ಅನ್ನಿಸಿದ್ದೆಲ್ಲ ಸಾಂದ್ರವಲ್ಲ.

ಇದು ಅಮ್ಮನಿಂದ, ಅಪ್ಪನಿಂದ ಬರುತ್ತದಾ? ಬರುತ್ತದೆ. ನನಗೆ ತುಂಬಾ ಇಷ್ಟವಾದ ಅಧ್ಯಯನ ಒಂದಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2002ರಲ್ಲಿ ಪ್ರಕಟವಾದದ್ದು. ಆಸ್ಟ್ರೇಲಿಯಾ ಮತ್ತು ಉತ್ತರ ಅಮೆರಿಕದ ಅವಳಿ ಸೋದರಿಯರನ್ನು ಹುಡುಕಿದರು. ಒಂದೇ ಭ್ರೂಣದಿಂದ ಬಂದ, ಅಂದರೆ ಜೀನ್ ಎಲ್ಲಾ ಒಂದೇ ಇರುವ 571 ಜೋಡಿ, ಬೇರೆ ಬೇರೆ ಭ್ರೂಣದ 380 ಜೋಡಿ. ಇಬ್ಬರ ಮ್ಯಾಮೊಗ್ರಾಮ್‌ಗಳಲ್ಲೂ ಬಿಳಿ ಭಾಗ ಎಷ್ಟು ಅಂತ ಅಳೆದರು. ಯೋಚಿಸಿ ನೋಡಿ. ಈ ಸೋದರಿಯರ ವಯಸ್ಸು 40ರಿಂದ 70. ಮದುವೆ, ಮಕ್ಕಳು, ಊಟ, ತೂಕ ಎಲ್ಲಾ ಬೇರೆ ದಾರಿ ಹಿಡಿದಿರುತ್ತದೆ ಅಲ್ವಾ? ಆದರೂ ಒಂದೇ ಭ್ರೂಣದ ಅವಳಿಗಳ ಚಿತ್ರಗಳು ಉಳಿದವರ ಚಿತ್ರಗಳಿಗಿಂತ ತುಂಬಾ ಹೆಚ್ಚು ಹೋಲುತ್ತಿದ್ದವು. ವಯಸ್ಸು, ತೂಕ, ಮುಟ್ಟು ನಿಂತಿದೆಯೇ ಇಲ್ಲವೇ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಮಹಿಳೆಯರ ನಡುವಿನ ವ್ಯತ್ಯಾಸದಲ್ಲಿ ಸುಮಾರು 60 ಶೇಕಡಾ ಪಾಲು ವಂಶದ್ದೇ.

ಇಷ್ಟು ಗೊತ್ತಾದ ಮೇಲೆ ಎಲ್ಲರ ಕಣ್ಣೂ ಹಾರ್ಮೋನ್ ಜೀನ್‌ಗಳ ಮೇಲೆ ಬಿತ್ತು. ಬೀಳಲೇಬೇಕು. ಈಸ್ಟ್ರೊಜೆನ್ ಹಾರ್ಮೋನ್ ಜೊತೆ ಪ್ರೊಜೆಸ್ಟಿನ್ ಅನ್ನುವ ಇನ್ನೊಂದು ಹಾರ್ಮೋನಿನ ಮಾತ್ರೆ ತೆಗೆದುಕೊಂಡರೆ ಸಾಂದ್ರತೆ ಏರುತ್ತದೆ. ಸ್ತನದಲ್ಲಿ ಈಸ್ಟ್ರೊಜೆನ್ ಕೆಲಸ ತಡೆಯುವ ಟ್ಯಾಮೊಕ್ಸಿಫೆನ್ ಔಷಧಿ ಕೊಟ್ಟರೆ ಇಳಿಯುತ್ತದೆ. ಮುಟ್ಟು ನಿಂತ ಮೇಲೂ ಇಳಿಯುತ್ತದೆ. ಸಿಒಎಂಟಿ ಅಂತ ಒಂದು ಜೀನ್ ಇದೆ. ಈಸ್ಟ್ರೊಜೆನ್ ಒಡೆದು ಬಂದ ವಸ್ತುಗಳನ್ನು ನಿಷ್ಕ್ರಿಯ ಮಾಡುವ ಕಿಣ್ವ ಅದರಿಂದ ಬರುತ್ತದೆ. ಆ ಕಿಣ್ವದ 158ನೇ ಜಾಗದಲ್ಲಿ ವ್ಯಾಲೀನ್ ಅನ್ನುವ ಅಮೈನೊ ಆಮ್ಲದ ಬದಲು ಮೆಥಿಯೊನೀನ್ ಇದ್ದರೆ ಅದರ ಕೆಲಸ ಮೂರ್ನಾಲ್ಕು ಪಟ್ಟು ನಿಧಾನ. ಹಾಗಿದ್ದರೆ ಆ ವಸ್ತುಗಳು ಹೆಚ್ಚು ಉಳಿದು ಸಾಂದ್ರತೆ ಜಾಸ್ತಿ ಇರಬೇಕು ಅಂತ ಲೆಕ್ಕ ಹಾಕಿದರು. ಮುಟ್ಟು ನಿಲ್ಲದ ಮಹಿಳೆಯರಲ್ಲಿ ಕೆಲವು ಕಡೆ ಉಲ್ಟಾ ಕಂಡಿತು, ಕೆಲವು ಕಡೆ ಏನೂ ಕಾಣಲಿಲ್ಲ.

ಯಾಕೆ? ಒಂದು ಕಾರಣ, ಈ ವಯಸ್ಸಿನಲ್ಲಿ ಹಾರ್ಮೋನ್ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಮುಟ್ಟಿನ ಮೊದಲ ದಿನಗಳಲ್ಲಿ ಎಸ್ಟ್ರಡಯಾಲ್ (ಈಸ್ಟ್ರೊಜೆನ್ನಿನ ಮುಖ್ಯ ರೂಪ) ಕಡಿಮೆ, ಅಂಡ ಬಿಡುಗಡೆಗೆ ಸ್ವಲ್ಪ ಮುಂಚೆ ಹಲವು ಪಟ್ಟು ಜಾಸ್ತಿ. ಸುಮ್ನೆ ಒಂದು ದಿನ ರಕ್ತ ತೆಗೆದು "ಇವರ ಹಾರ್ಮೋನ್ ಇಷ್ಟು" ಅಂದರೆ ಅದಕ್ಕೆ ಅರ್ಥವಿಲ್ಲ. ತೂಕವೂ ಅಡ್ಡ ಬರುತ್ತದೆ. ಕೊಬ್ಬು ಹೆಚ್ಚಿದ್ದರೆ ಬಿಳಿ ಭಾಗದ ಶೇಕಡಾವಾರು ತಾನಾಗಿಯೇ ಕಡಿಮೆಯಾಗುತ್ತದೆ. ಮೇಲಾಗಿ ಒಂದೊಂದು ಜೀನ್ ವ್ಯತ್ಯಾಸದ ಪಾಲು ತೀರಾ ಚಿಕ್ಕದು. ಸಾವಿರಾರು ಜನರ ಇಡೀ ಜೀನೋಮ್ ನೋಡಿದ ಮೇಲೆಯೇ ಈಸ್ಟ್ರೊಜೆನ್ ಹಿಡಿದುಕೊಳ್ಳುವ ಗ್ರಾಹಿಯ ಜೀನ್ ಇಎಸ್‌ಆರ್1, ಜೀವಕೋಶಗಳ ಬೆಳವಣಿಗೆಗೆ ನೆರವಾಗುವ ಐಜಿಎಫ್1, ಜೊತೆಗೆ ಝಡ್‌ಎನ್‌ಎಫ್365ರಂಥ, ಯಾರೂ ಮೊದಲು ಅನುಮಾನಿಸದ ಜಾಗಗಳು ಗಟ್ಟಿಯಾಗಿ ನಿಂತವು. ಅದಕ್ಕೇ ಹೇಳುತ್ತಿರುವುದು: ಒಂದು ಜೀನ್, ಒಂದು ಉತ್ತರ ಇಲ್ಲ.

ಸಮಯ ಆಗುತ್ತಿದೆ ಅಂತ ಚೀಟಿ ಬಂತು. ಐಜಿಎಫ್ ಬಗ್ಗೆ ಇನ್ನೂ ಇತ್ತು, ಬಿಡುತ್ತೇನೆ. ಇದೊಂದನ್ನು ಮಾತ್ರ ಹೇಳಲೇಬೇಕು. 2019ರಲ್ಲಿ ನೆದರ್ಲೆಂಡ್ಸ್‌ನ ಪ್ರಯೋಗ ಹೊರಬಂತು. ಅತಿ ಸಾಂದ್ರ ಸ್ತನವಿದ್ದು ಮ್ಯಾಮೊಗ್ರಾಮ್ ಸರಿಯಿದೆ ಅನ್ನಿಸಿಕೊಂಡವರನ್ನು ಎಂಆರ್‌ಐಗೆ ಕರೆದರು. ಎರಡು ತಪಾಸಣೆಗಳ ನಡುವೆ ಕಾಣಿಸಿಕೊಳ್ಳುವ ಕ್ಯಾನ್ಸರ್ ಸಾವಿರಕ್ಕೆ 5ರಿಂದ 2.5ಕ್ಕೆ ಇಳಿಯಿತು. ಆದರೆ ಅವರೆಲ್ಲ 50ರಿಂದ 75ರ ವಯಸ್ಸಿನವರು. ನಲವತ್ತರ ಆಸುಪಾಸಿನ, ಸಾಂದ್ರತೆ ಇನ್ನೂ ಹೆಚ್ಚಿರುವ ಮಹಿಳೆಯರಿಗೂ ಇಂಥ ದೊಡ್ಡ ಪ್ರಯೋಗ ಬೇಕು. ನಿಮ್ಮ ರಿಪೋರ್ಟಿನಲ್ಲಿ ಸಾಂದ್ರತೆಗೆ ಎ, ಬಿ, ಸಿ, ಡಿ ಅಂತ ಒಂದು ಅಕ್ಷರ ಇರುತ್ತದೆ; ಎ ಅಂದರೆ ತೀರಾ ಕಡಿಮೆ, ಡಿ ಅಂದರೆ ಅತಿ ಹೆಚ್ಚು. ಸಿ ಅಥವಾ ಡಿ ಇದ್ದರೆ ಜೀನ್ ಟೆಸ್ಟ್ ವಿಚಾರ ಆಮೇಲೆ, ಬೇರೆ ಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನು ಮೊದಲು ಕೇಳಿ. ಈಗ ನಿಮ್ಮ ಪ್ರಶ್ನೆಗಳು.