ತಲೆಕೆಳಗಾದ ಮೀನಿಗೆ ಸೂಜಿ ಚುಚ್ಚಬೇಡಿ

ನಮಸ್ಕಾರ. ಶಿವಮೊಗ್ಗದಿಂದ ಮಾತಾಡ್ತಿದೀನಿ. ಹೊರಗೆ ಮಳೆ ಹಿಡ್ಕೊಂಡಿದೆ, ಕರೆಂಟಿಲ್ಲ, ಟ್ಯಾಂಕಿನ ಪಂಪು ಬ್ಯಾಟರಿ ಮೇಲೆ ಓಡ್ತಿದೆ. ಹಿಂದೆ ಗುರ್ ಅಂತ ಕೇಳ್ತಿರೋದು ಅದೇ.

ಮೊದಲು ಒಂದು ಮೀನಿನ ಕಥೆ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಅಂಗಡಿಯಿಂದ ಆಂಥಿಯಸ್ ಅನ್ನೋ ಕಡಲ ಮೀನು ತರಿಸಿದ್ದೆ. ಹೆಬ್ಬೆರಳುದ್ದ, ಮಾಗಿದ ಅಡಿಕೆಗೋಟಿನ ಬಣ್ಣ. ರಾತ್ರಿ ಬಸ್ಸಲ್ಲಿ ಥರ್ಮಾಕೋಲ್ ಡಬ್ಬದಲ್ಲಿ ಬಂತು. ಟ್ಯಾಂಕಿಗೆ ಬಿಟ್ಟೆ. ಬಾಲ ಮೇಲೆ, ತಲೆ ಕೆಳಗೆ ಮಾಡ್ಕೊಂಡು ಒಂದೇ ಸಮ ರೆಕ್ಕೆ ಬಡೀತಾ ಇತ್ತು. ಸುಸ್ತಾಗಿ ಬಡಿಯೋದು ನಿಲ್ಲಿಸಿತೋ, ಬೆಂಡಿನ ಹಾಗೆ ಮೇಲಕ್ಕೆ ತೇಲೋದು. ಬೆನ್ನು ನೀರಿಂದಾಚೆ ಬಂದು ಗಾಳಿಗೆ ಒಣಗೋದು. ಮತ್ತೆ ಕೆಳಕ್ಕೆ ಈಜೋದು. ರಾತ್ರಿಯಿಡೀ ಹೀಗೇ.

ಅಂಗಡಿಗೆ ಫೋನ್ ಮಾಡಿದೆ. "ಇನ್ಸುಲಿನ್ ಸೂಜಿ ಚುಚ್ಚಿ ಗಾಳಿ ತೆಗೀರಿ, ಸರಿಹೋಗುತ್ತೆ" ಅಂದ್ರು. ಚುಚ್ಚಿದೆ. ಸಾಸಿವೆಯಷ್ಟು ಗುಳ್ಳೆ ಬಂತು, ಮೀನು ಕೆಳಗಿಳೀತು, ನನಗೆ ಸಮಾಧಾನ ಆಯ್ತು. ಮೂರನೇ ದಿನ ಚುಚ್ಚಿದ ಜಾಗ ಕೆಂಪಗೆ ಊದಿತ್ತು. ನಾಲ್ಕನೇ ದಿನ ಮೀನು ಇರಲಿಲ್ಲ. ಆಮೇಲೆ ಕೇಳಿದ್ರೆ ಗೊತ್ತಾಗಿದ್ದು, ಅದು ಅಂಗಡಿಗೆ ಬಂದಿದ್ದೂ ನನಗೆ ಕಳಿಸಿದ್ದೂ ಒಂದೇ ದಿನ, ಸುಧಾರಿಸಿಕೊಳ್ಳೋಕೆ ಬಿಡುವೇ ಸಿಕ್ಕಿರಲಿಲ್ಲ. ಇವತ್ತು ಮಾತಾಡೋಕೆ ಕೂತಿರೋದು ಅದಕ್ಕೇ.

ಶೃಂಗೇರಿಗೆ ಹೋದಾಗ ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನಿಗೆ ಮಂಡಕ್ಕಿ ಹಾಕಿರ್ತೀರಲ್ಲ? ಆ ಮಹಶೀರ್ ಮೀನಿನ ಹೊಟ್ಟೆಯೊಳಗೆ, ಅದನ್ನ ಮುಳುಗದ ಹಾಗೆ ತೇಲದ ಹಾಗೆ ನಿಲ್ಲಿಸೋ ಗಾಳಿಚೀಲಕ್ಕೆ ಅನ್ನನಾಳದಿಂದ ಒಂದು ಸಣ್ಣ ಕೊಳವೆ ಇರುತ್ತೆ. ಗಾಳಿ ಹೆಚ್ಚಾದ್ರೆ ಬಾಯಿಂದ ಬಿಟ್ಟುಬಿಡುತ್ತೆ. ನಮ್ಮ ಗೋಲ್ಡ್ ಫಿಶ್ಶೂ ಅದೇ ಗುಂಪಿನದು. ಆದ್ರೆ ನಾವು ಮರೈನ್, ಅಂದ್ರೆ ಉಪ್ಪುನೀರಿನ ಟ್ಯಾಂಕಿಗೆ ತರೋ ಹವಳದ ದಿಬ್ಬದ ಮೀನುಗಳಲ್ಲಿ ಹೆಚ್ಚಿನವಕ್ಕೆ ಆ ಕೊಳವೆ ಇಲ್ಲ. ಚೀಲ ಪೂರ್ತಿ ಮುಚ್ಚಿರುತ್ತೆ. ಗಾಳಿ ಒಳಗೆ ಬರೋದೂ ರಕ್ತದಿಂದ, ಹೊರಗೆ ಹೋಗೋದೂ ರಕ್ತಕ್ಕೇ. ಆ ಕೆಲಸ ನಿಧಾನ. ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ.

ಈಗ ಲೆಕ್ಕ ಹಾಕಿ. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಕೂಡ್ತಾ ಹೋಗುತ್ತೆ. 30 ಮೀಟರಿನಲ್ಲಿ ಹಿಡಿದ ಮೀನನ್ನು ಒಂದೇ ಉಸಿರಿಗೆ ಮೇಲೆತ್ತಿದ್ರೆ ಚೀಲದ ಗಾಳಿ ನಾಲ್ಕು ಪಟ್ಟು ಹಿಗ್ಗೋಕೆ ನೋಡುತ್ತೆ. ಕರುಳು ಒತ್ತುತ್ತೆ, ಚೀಲವೇ ಹರಿದರೂ ಹರೀಬಹುದು. ತಿಳಿದ ಮುಳುಗುಗಾರರು ನಡುನಡುವೆ ನಿಲ್ಲಿಸಿ ಮೇಲೆ ತರ್ತಾರೆ, ಇಲ್ಲಾಂದ್ರೆ ದೋಣಿಯಲ್ಲೇ ಪಳಗಿದ ಕೈಯಿಂದ ಸೂಜಿ ಹಾಕ್ತಾರೆ. ಅದೇ ಕೆಲಸವನ್ನ ಎಷ್ಟೋ ದಿನ ಕಳೆದ ಮೇಲೆ ನಾವು ಮನೆ ಸಿಂಕಿನ ಪಕ್ಕ ಮಾಡೋಕಾಗಲ್ಲ. ಚೀಲಕ್ಕೆ ಅಂಟಿಕೊಂಡೇ ಮೂತ್ರಪಿಂಡ ಇದೆ, ಕೆಳಗೆ ಕರುಳಿದೆ. ಸೂಜಿ ಎಲ್ಲಿಗೆ ಹೋಯ್ತು ಅಂತ ನಮಗೆ ಕಾಣಲ್ಲ.

ನಮ್ಮ ಕಡೆ ಒಂದು ಮಾತಿದೆ: ಘಾಟಿ ಹತ್ತಿಸಿದ್ದಕ್ಕೆ ಮೀನು ತೇಲುತ್ತೆ ಅಂತ. ಪೂರ್ತಿ ಸುಳ್ಳಲ್ಲ, ಆದ್ರೆ ಸಣ್ಣ ವಿಷಯ. ಕಡಲ ಮಟ್ಟದಿಂದ 600 ಮೀಟರ್ ಮೇಲೆ ಬಂದ್ರೆ ಗಾಳಿಯ ಒತ್ತಡ ಸುಮಾರು 7% ಕಡಿಮೆ, ಅಷ್ಟೇ. ಅದರ ಮೇಲೆ ಬೆಂಗಳೂರು ನಮಗಿಂತ ಎತ್ತರದಲ್ಲಿದೆ. ಅಲ್ಲಿಂದ ಬರೋ ಮೀನು ಇಳಿದು ಬರೋದು, ಹತ್ತಿ ಅಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಉಪ್ಪಿನದು, ಅದನ್ನ ಯಾರೂ ಕೇಳಲ್ಲ. ಎಷ್ಟೋ ಅಂಗಡಿಗಳಲ್ಲಿ ಉಪ್ಪು ಉಳಿಸೋಕೆ, ಹುಳದ ಕಾಟ ಕಡಿಮೆ ಮಾಡೋಕೆ ನೀರನ್ನ 1.018 ಸಾಂದ್ರತೆಯಲ್ಲಿ (ಸಿಹಿನೀರು ಅಂದ್ರೆ 1.000) ಇಟ್ಟಿರ್ತಾರೆ. ನಮ್ಮ ಟ್ಯಾಂಕು 1.025. ಉಪ್ಪು ಹೆಚ್ಚಾದಷ್ಟೂ ನೀರು ಮೀನನ್ನ ಹೆಚ್ಚು ಮೇಲಕ್ಕೆ ತಳ್ಳುತ್ತೆ. ಕಡಲ ಮೀನಿನ ಗಾಳಿಚೀಲ ಮೈಗಾತ್ರದಲ್ಲಿ ಸುಮಾರು 5% ಮಾತ್ರ. ನೀರಿನ ಸಾಂದ್ರತೆ ಸುಮಾರು 0.7% ಏರಿತು ಅಂದ್ರೆ ಆ ಚೀಲದ ಏಳರಲ್ಲೊಂದು ಭಾಗ ಗಾಳಿ ಏಕಾಏಕಿ ಹೆಚ್ಚಾದ ಹಾಗೆ. ಘಾಟಿ ಹತ್ತಿಸಿದ್ದರ ಎರಡರಷ್ಟು! ಜೊತೆಗೆ ಮೀನಿನ ಮೈಯಿಂದ ನೀರು ಹೀರಿಹೋಗಿ ಅದು ಇನ್ನೂ ಸೊರಗುತ್ತೆ.

ಹಾಗಾಗಿ ಈಗ ನಾನು ಮಾಡೋದು ಇಷ್ಟು. ಬೇರೆ ಸಣ್ಣ ಟ್ಯಾಂಕಲ್ಲಿ ಅಂಗಡಿಯ ನೀರಿನಷ್ಟೇ ಉಪ್ಪು ಕಲಸಿಟ್ಟಿರ್ತೀನಿ. ದೂರದಿಂದ ಮೀನು ಬಂದ ಪ್ಲಾಸ್ಟಿಕ್ ಚೀಲ ಬಿಚ್ಚಿದ ಮೇಲೆ ಅದಕ್ಕೆ ಟ್ಯಾಂಕಿನ ನೀರನ್ನ ಗಂಟೆಗಟ್ಟಲೆ ಹನಿಹನಿಯಾಗಿ ತೊಟ್ಟಿಕ್ಕಿಸ್ತಾ ಕೂರಲ್ಲ, ಯಾಕಂದ್ರೆ ಚೀಲ ತೆರೆದ ಕೂಡಲೇ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಪಿಎಚ್ ಏರುತ್ತೆ, ಮೀನಿನ ಹೊಲಸಿನಿಂದ ಒಳಗೆ ಸೇರಿರೋ ಅಮೋನಿಯ ವಿಷವಾಗುತ್ತೆ. ಬಿಸಿ ಸರಿಹೊಂದಿದ ಮೇಲೆ ಮೀನನ್ನ ಮಾತ್ರ ಒಳಗೆ ಬಿಟ್ಟು, ಲೈಟ್ ಆರಿಸಿ, ಪಂಪಿನ ರಭಸ ಇಳಿಸಿ, ಗಾಜಿಗೆ ಹಳೇ ಪಂಚೆ ಹೊದಿಸಿಬಿಡ್ತೀನಿ. ಉಪ್ಪನ್ನ ದಿನಕ್ಕೆ 0.001ರಷ್ಟು ಏರಿಸ್ತೀನಿ. ಬಟಾಣಿ ಬೇಯಿಸಿ ಹಾಕಿ ಅಂತಾರಲ್ಲ, ಅದು ಮಲಬದ್ಧತೆ ಆದ ಗೋಲ್ಡ್ ಫಿಶ್‌ಗೆ. ಈ ಮೀನಿನ ಗಾಳಿಗೂ ಬಟಾಣಿಗೂ ಸಂಬಂಧ ಇಲ್ಲ.

ಗಾಬರಿ ಬೀಳೋ ಮುಂಚೆ ಮೀನಿನ ಜಾತಿನೂ ನೋಡಿ. ಹಾಕ್ ಫಿಶ್‌ಗೆ ಗಾಳಿಚೀಲವೇ ಇಲ್ಲ, ಕಲ್ಲಿನ ಮೇಲೆ ಕೂರೋದೇ ಅದರ ಬದುಕು. ಕ್ಲೌನ್ ಮೀನು ಓಲಾಡ್ತಾನೇ ಈಜೋದು, ರಾತ್ರಿ ಮೂಲೆಯಲ್ಲಿ ವಾಲಿಕೊಂಡು ನಿದ್ದೆ ಮಾಡುತ್ತೆ. ಲಯನ್ ಫಿಶ್ ಬಂಡೆ ಕೆಳಗೆ ತಲೆಕೆಳಗಾಗಿ ನಿಲ್ಲುತ್ತೆ. ತಳದಲ್ಲಿ ಬಿದ್ದು ಏದುಸಿರು ಬಿಡ್ತಿದ್ರೆ ಮಾತ್ರ ಮೊದಲು ಅಮೋನಿಯ ಪರೀಕ್ಷೆ ಮಾಡಿ, ಕಿವಿರು ನೋಡಿ. ಗಾಳಿಚೀಲದ ಮಾತು ಆಮೇಲೆ.

ಹೊಸದಾಗಿ ಶುರುಮಾಡೋರಿಗೆ ನಾನು ಕ್ಲೌನ್ ಮೀನೇ ಸಾಕು ಅಂತೀನಿ, ಅದೂ ತೊಟ್ಟಿಯಲ್ಲಿ ಹುಟ್ಟಿದ್ದು. ನಮ್ಮ ದೇಶದ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ಅವುಗಳ ಮರಿ ಮಾಡಿಸೋ ವಿಧಾನ ರೂಪಿಸಿದೆ. ಆ ಮರಿ ಆಳವನ್ನೇ ಕಂಡಿಲ್ಲ, ಆಳದಿಂದ ಎಳೆದು ತಂದ ನೋವೂ ಅದಕ್ಕಿಲ್ಲ.

ಹೋದ ಚಳಿಗಾಲದಲ್ಲಿ ಇನ್ನೊಂದು ಆಂಥಿಯಸ್ ತಂದೆ. ಅದೂ ಬಾಲ ಮೇಲೆ ಮಾಡ್ಕೊಂಡೇ ಬಂತು. ಕೈ ತುರಿಸ್ತಿತ್ತು, ಸೂಜಿ ಮುಟ್ಟಲಿಲ್ಲ. ಮೂರು ದಿನ ಪಂಚೆ ಎತ್ತಿ ನೋಡೋದು, ಮತ್ತೆ ಹೊದಿಸೋದು. ಐದನೇ ದಿನ ಬೆಳಗ್ಗೆ ಮೆಲ್ಲಗೆ ಪಂಚೆ ಸರಿಸಿದ್ರೆ ನೀರಿನ ನಡುಮಧ್ಯದಲ್ಲಿ ರೆಕ್ಕೆ ಅಲ್ಲಾಡಿಸದೆ ನೆಟ್ಟಗೆ ನಿಂತಿತ್ತು, ನನ್ನ ಕಡೆಗೇ ನೋಡ್ತಾ.