ರಗ್ಬಿ: ಬಯಲಿನ ನಡುವೆ ಒಂದು ಕಚೇರಿ ಊರು

ಕೇಳುಗರಿಗೆ ನಮಸ್ಕಾರ.

ನಾನು ನವಲಗುಂದದ ಕಡೆಯವನು. ಮೂವತ್ತು ವರ್ಷಕ್ಕೂ ಮಿಕ್ಕಿ ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತನಾದೆ. ಮೋಜಣಿ, ಪಹಣಿ, ವಾರಸಾ, ಫೋಡಿ, ಇವುಗಳಲ್ಲೇ ನನ್ನ ಆಯುಷ್ಯದ ದೊಡ್ಡ ಪಾಲು ಕಳೆದಿದೆ. ಹೊಸ ಊರಿಗೆ ಹೋದರೆ ಜನ ಗುಡಿ ಎಲ್ಲಿದೆ ಎಂದು ಕೇಳುತ್ತಾರೆ, ನಾನು ತಾಲ್ಲೂಕು ಕಚೇರಿ ಎಲ್ಲಿದೆ ಎಂದು ಕೇಳುತ್ತೇನೆ. ಇವತ್ತು ಹೇಳಹೊರಟಿದ್ದು ಅಂಥ ಒಂದು ಕಚೇರಿ ಊರಿನ ಸುದ್ದಿ. ಅದು ಇರುವುದು ಅಮೆರಿಕದ ಉತ್ತರ ಬಯಲಿನಲ್ಲಿ, ಉತ್ತರ ಡಕೋಟಾ ರಾಜ್ಯದಲ್ಲಿ. ಹೆಸರು ರಗ್ಬಿ.

ನನ್ನ ಅಕ್ಕನ ಮಗ ಆ ಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ವೈದ್ಯ. ಬಾ ಬಾ ಎಂದು ಕರೆದವನೇ, ನಾನು ಹೊರಟು ನಿಂತಾಗ ಫೋನಿನಲ್ಲಿ ಹಿಂಜರಿದ: "ಮಾಮಾ, ಇಲ್ಲಿ ನಿಮಗ ನೋಡಾಕ ಏನೈತ್ರೀ? ಬರೀ ಬಯಲು." ಬಯಲು ನೋಡಿ ಹೆದರುವ ಊರಿನವನೇ ನಾನು? ಶಿಕಾಗೋದಲ್ಲಿ ಮಧ್ಯಾಹ್ನ ರೈಲು ಹತ್ತಿದೆ. ರಾತ್ರಿಯಿಡೀ ಸಾಗಿ, ಬೆಳಗಾಗುವ ಹೊತ್ತಿಗೆ ಕಿಟಕಿಯಾಚೆ ನೋಡಿದರೆ ನಮ್ಮ ಎರೆಭೂಮಿಯ ಹಾಗೆಯೇ ಆಕಾಶ ನೆಲಕ್ಕೆ ಮುಟ್ಟಿತ್ತು. ಗುಡ್ಡವಿಲ್ಲ, ಅಡ್ಡವಿಲ್ಲ. ಅಲ್ಲಲ್ಲಿ ನೀರು ನಿಂತ ಸಣ್ಣ ಹೊಂಡ, ಅದರ ಸುತ್ತ ಜೊಂಡು, ಬಾತುಕೋಳಿ.

ಈ ಊರು ರೈಲಿನಿಂದಲೇ ಹುಟ್ಟಿದ್ದು. 1886ರಲ್ಲಿ ಜೇಮ್ಸ್ ಹಿಲ್ ಎಂಬ ಉದ್ಯಮಿಯ ರೈಲು ಮಾರ್ಗ ಈ ಬಯಲನ್ನು ಹಾದು ಹೋಯಿತು. ಉತ್ತರದ ಬಾಟಿನೋ ಕಡೆಗೆ ಇಲ್ಲಿಂದ ಒಂದು ಕವಲು ಒಡೆಯಿತು. ಆದ್ದರಿಂದ ಮೊದಲ ಹೆಸರು ರಗ್ಬಿ ಜಂಕ್ಷನ್. ಇಂಗ್ಲೆಂಡಿನ ರೈಲು ಜಂಕ್ಷನ್ನಿನ ಹೆಸರನ್ನೇ ತಂದಿಟ್ಟರು. ಅದೇ ದಾರಿಯಲ್ಲಿ ಲೀಡ್ಸ್ ಇದೆ, ಯಾರ್ಕ್ ಇದೆ, ಟನ್‌ಬ್ರಿಜ್ ಇದೆ, ಬೆರ್ವಿಕ್ ಇದೆ. ಇಂಗ್ಲಿಷರು ಬಂದು ನೆಲೆಸಲಿ ಎಂದು ಇಟ್ಟ ಹೆಸರುಗಳು. ಬಂದು ನೆಲೆಸಿದವರಲ್ಲಿ ಹೆಚ್ಚಿನವರು ಮಾತ್ರ ನಾರ್ವೆಯವರು, ಮತ್ತು ರಷ್ಯಾದ ಜರ್ಮನರು.

ರಷ್ಯಾದ ಜರ್ಮನರು ಅಂದರೆ ಯಾರು? ರಾಣಿ ಕ್ಯಾಥರೀನ್‌ಳ ಕಾಲದಿಂದ ರಷ್ಯಾದ ಅರಸರು ಜರ್ಮನ್ ರೈತರನ್ನು ಕರೆಸಿಕೊಂಡು, ಭೂಮಿ ಕೊಟ್ಟು, ಸೈನ್ಯದ ಸೇವೆಯಿಂದ ವಿನಾಯಿತಿ ಕೊಟ್ಟು ನೆಲೆಗೊಳಿಸಿದ್ದರು. ಕಪ್ಪು ಸಮುದ್ರದ ದಂಡೆಯಲ್ಲಿ ಅವರು ಗೋಧಿ ಬೆಳೆದರು. 1870ರ ದಶಕದಲ್ಲಿ ಆ ವಿನಾಯಿತಿಗಳು ಹೋದವು. ಮಕ್ಕಳನ್ನು ಸೈನ್ಯಕ್ಕೆ ಕಳಿಸಲಾರೆವು ಎಂದು ಹೊರಟ ಮಂದಿಯಲ್ಲಿ ಸಾವಿರಾರು ಜನ ಡಕೋಟಾಕ್ಕೆ ಬಂದರು. ರಗ್ಬಿಯ ದಕ್ಷಿಣಕ್ಕೆ ಬಾಲ್ಟಾ ಎಂಬ ಪುಟ್ಟ ಹಳ್ಳಿ ಇದೆ. ಉಕ್ರೇನಿನಲ್ಲೂ ಬಾಲ್ಟಾ ಎಂಬ ಊರಿದೆ. ಆ ಕಡೆಯ ಹಳೆಯ ಮಸಣಗಳಲ್ಲಿ ಗೋರಿಗಳ ಮೇಲೆ ನಿಂತಿರುವುದು ಕಲ್ಲಲ್ಲ, ಕಮ್ಮಾರರು ಬಡಿದು ಬಾಗಿಸಿ ಮಾಡಿದ ಕಬ್ಬಿಣದ ಶಿಲುಬೆಗಳು. ಒಂದರ ಹಾಗೆ ಒಂದಿಲ್ಲ. ಬಳ್ಳಿ, ಹೂವು, ಸುರುಳಿ. ನಮ್ಮ ಕಡೆ ಕಮ್ಮಾರರು ಬಂಡಿಯ ಅಚ್ಚು ಬಡಿಯುತ್ತಿದ್ದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಲ್ಲಿ ನಿಂತಾಗ ಅದೇ ನೆನಪಾಯಿತು.

ರಗ್ಬಿಯ ಪ್ರಸಿದ್ಧಿಗೆ ಇನ್ನೊಂದು ಕಾರಣವಿದೆ. ಅದು ಉತ್ತರ ಅಮೆರಿಕ ಖಂಡದ ಭೌಗೋಳಿಕ ಕೇಂದ್ರ ಎಂದು ಹೇಳಿಕೊಳ್ಳುವ ಊರು. ಸುಮಾರು ತೊಂಬತ್ತು ವರ್ಷಗಳ ಹಿಂದೆ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯವರು ಖಂಡದ ಮಧ್ಯಬಿಂದು ರಗ್ಬಿ ಇರುವ ಪಿಯರ್ಸ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ, ತಾಲ್ಲೂಕಿನಂಥ ಆಡಳಿತ ವಿಭಾಗ), ಬಾಲ್ಟಾದ ಪಶ್ಚಿಮಕ್ಕೆ ಆರು ಮೈಲಿಯಲ್ಲಿದೆ ಎಂದರು. ಖಂಡದ ಆಕಾರಕ್ಕೆ ರಟ್ಟು ಕತ್ತರಿಸಿ, ಅದು ಎಲ್ಲಿ ಸಮತೂಕಕ್ಕೆ ನಿಲ್ಲುತ್ತದೆಂದು ನೋಡುವುದು ಆಗಿನ ವಿಧಾನ. 1932ರಲ್ಲಿ ರಗ್ಬಿಯವರು ತಮ್ಮೂರಿನ ಹೆದ್ದಾರಿಯ ಪಕ್ಕ ಒಂದು ಕಲ್ಲಿನ ಕಂಬ ಕಟ್ಟಿದರು. ರಸ್ತೆ ಅಗಲ ಮಾಡುವಾಗ, 1971ರಲ್ಲಿ, ಅದನ್ನು ಸ್ವಲ್ಪ ಸರಿಸಿದರು. 2017ರಲ್ಲಿ ಬಫಲೋ ವಿಶ್ವವಿದ್ಯಾಲಯದ ಪೀಟರ್ ರೋಜರ್ಸನ್ ಎಂಬ ಭೂಗೋಳ ತಜ್ಞರು ಹೊಸ ಲೆಕ್ಕ ಹಾಕಿದಾಗ ಕೇಂದ್ರ ಬಂದದ್ದು ಅದೇ ರಾಜ್ಯದ ಇನ್ನೊಂದು ಕೌಂಟಿ ಊರಿಗೆ. ಆ ಊರಿನ ಹೆಸರೇ ಸೆಂಟರ್!

ನನಗೆ ಕೇಂದ್ರದ ಜಗಳಕ್ಕಿಂತ ಆ ಕಂಬದ ಕಲ್ಲುಗಳು ಹೆಚ್ಚು ಹಿಡಿಸಿದವು. ಕೈಯಿಟ್ಟು ನೋಡಿದೆ. ಒಂದು ಕೆಂಪು, ಒಂದು ಬೂದು, ಒಂದರಲ್ಲಿ ಮಿನುಗುವ ಅಭ್ರಕ, ಎಲ್ಲವೂ ಅಂಚು ಸವೆದು ಗುಂಡಗಾದವು. ಆ ಬಯಲಿನ ಹೊಲದ ಕಲ್ಲುಗಳು ಹೀಗೆಯೇ. ಸಾವಿರಾರು ವರ್ಷಗಳ ಹಿಂದೆ ಹಿಮನದಿ ಉತ್ತರದಿಂದ ಉರುಳಿಸಿಕೊಂಡು ತಂದು ಬಿಟ್ಟುಹೋದವು. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬುತ್ತದೆ, ಅಡಿಯ ಕಲ್ಲು ಮೇಲಕ್ಕೆ ಬರುತ್ತದೆ. ಹಾಗಾಗಿ ಪ್ರತಿ ವಸಂತದಲ್ಲಿ ಬಿತ್ತುವ ಮುಂಚೆ ಕಲ್ಲು ಆಯಬೇಕು. ಅಜ್ಜ ಆಯ್ದ ಹೊಲದಲ್ಲೇ ಮೊಮ್ಮಗನೂ ಆಯಬೇಕು. ಹೊಲದ ಮೂಲೆಗಳಲ್ಲಿ ಕಲ್ಲಿನ ಗುಡ್ಡೆಗಳು ಕಾಣುತ್ತವೆ. ಅವುಗಳಲ್ಲಿ ನೂರು ವರ್ಷದ ಬೆನ್ನುನೋವು ಇದೆ.

ಇನ್ನು ಕಚೇರಿಗೆ ಬರೋಣ. ಉತ್ತರ ಡಕೋಟಾದಲ್ಲಿ 53 ಕೌಂಟಿಗಳು. ಪಿಯರ್ಸ್ ಕೌಂಟಿಗೆ ರಗ್ಬಿ ಮುಖ್ಯ ಊರು. ಅಲ್ಲಿನ ನ್ಯಾಯಾಲಯದ ಕಟ್ಟಡ 1910ರ ಸುಮಾರಿನದು. ನ್ಯಾಯಾಲಯ ಎಂಬ ಹೆಸರಿದ್ದರೂ ಕಂದಾಯ, ನೋಂದಣಿ, ಚುನಾವಣೆ, ಶೆರಿಫ್, ಎಲ್ಲವೂ ಕೌಂಟಿಯ ಕೆಲಸವೇ. ಅಲ್ಲಿನ ಶೆರಿಫ್‌ನನ್ನೂ, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥನನ್ನೂ, ಸರ್ಕಾರಿ ವಕೀಲನನ್ನೂ ಜನರೇ ಓಟು ಹಾಕಿ ಆರಿಸುತ್ತಾರೆ. ನಮ್ಮ ತಹಶೀಲ್ದಾರರ ಹಾಗೆ ವರ್ಗವಾಗಿ ಬಂದವರಲ್ಲ. ನೆರೆಹೊರೆಯವರೇ. ತಪ್ಪು ಮಾಡಿದರೆ ಮಾರನೆಯ ದಿನ ಕಿರಾಣಿ ಅಂಗಡಿಯಲ್ಲಿ ಮುಖ ತೋರಿಸಬೇಕು.

ನಾನು ಭೂದಾಖಲೆಯ ಕೋಣೆಗೆ ಹೋಗಿ, ಹೀಗೀಗೆ, ನಾನೂ ನಮ್ಮ ದೇಶದಲ್ಲಿ ಇದೇ ಕೆಲಸ ಮಾಡಿದವನು ಅಂದೆ. ಅಲ್ಲಿದ್ದ ಹೆಣ್ಣುಮಗಳು ನಕ್ಕು ಒಂದು ದಪ್ಪ ಪುಸ್ತಕ ತೆರೆದು ಮುಂದಿಟ್ಟರು. ಒಂದೇ ನೋಟಕ್ಕೆ ಅರ್ಥವಾಯಿತು. ಅಲ್ಲಿ ಊರಿನ ಹೆಸರಿಲ್ಲ, ಹಳ್ಳದ ಹೆಸರಿಲ್ಲ, ಮರದ ಗುರುತಿಲ್ಲ. ಇಡೀ ಸೀಮೆಯನ್ನು ಆರು ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ ಕೊಯ್ದಿದ್ದಾರೆ. ಒಂದೊಂದರಲ್ಲಿ 36 ಸೆಕ್ಷನ್. ಒಂದು ಸೆಕ್ಷನ್ ಅಂದರೆ ಮೈಲಿ ಚೌಕ, 640 ಎಕರೆ. ಅದರ ಕಾಲುಭಾಗ 160 ಎಕರೆ. 1862ರ ಹೋಮ್‌ಸ್ಟೆಡ್ ಕಾಯಿದೆಯ ಪ್ರಕಾರ ಒಬ್ಬ ಮನುಷ್ಯ ಐದು ವರ್ಷ ಅಲ್ಲಿ ವಾಸ ಮಾಡಿ ಉತ್ತು ತೋರಿಸಿದರೆ ಆ 160 ಎಕರೆ ಅವನದಾಗುತ್ತಿತ್ತು. ನಮ್ಮಲ್ಲಿ ಹೊಲದ ಬದು ಹಳ್ಳ ಹರಿದ ಹಾಗೆ, ಅಣ್ಣತಮ್ಮಂದಿರು ಪಾಲಾದ ಹಾಗೆ ಬಾಗುತ್ತದೆ. ಅಲ್ಲಿ ಎಲ್ಲವೂ ದಾರ ಹಿಡಿದು ಎಳೆದದ್ದು. ಆದರೆ ಭೂಮಿ ಗುಂಡಗಿದೆಯಲ್ಲ! ಉತ್ತರಕ್ಕೆ ಹೋದಂತೆ ರೇಖಾಂಶಗಳು ಹತ್ತಿರವಾಗುತ್ತವೆ. ಲೆಕ್ಕ ಸರಿಮಾಡಲು ಕೆಲವು ಮೈಲಿಗೊಮ್ಮೆ ಚೌಕಗಳನ್ನು ಜರುಗಿಸಿದ್ದಾರೆ. ಅದಕ್ಕೇ ಬಾಣದ ಹಾಗೆ ನೇರವಾಗಿ ಹೋಗುವ ರಸ್ತೆ ಒಮ್ಮೆಲೇ, ಏನೂ ಕಾರಣ ಕಾಣದೆ, ಒಂದು ಸೊಟ್ಟ ತಿರುವು ತೆಗೆದುಕೊಂಡು ಮತ್ತೆ ನೇರವಾಗುತ್ತದೆ. ಕಾರು ಹಾಗೆ ತಿರುಗಿದಾಗ ಅಳಿಯ ಬೇಸರಪಟ್ಟುಕೊಂಡ, ನಾನು ಸಂತೋಷಪಟ್ಟೆ.

ಪ್ರತಿ ಟೌನ್‌ಶಿಪ್ಪಿನಲ್ಲಿ 16 ಮತ್ತು 36ನೆಯ ಸೆಕ್ಷನ್ ಶಾಲೆಗಳಿಗೆ ಮೀಸಲು. ರಾಜ್ಯವಾಗುವಾಗಲೇ, 1889ರಲ್ಲಿ, ಹಾಗೆ ಬರೆದಿಟ್ಟರು. ನಮ್ಮ ಗಾಯರಾಣ ನೆಲ ಒತ್ತುವರಿಯಾಗುವುದನ್ನು ಕಣ್ಣಾರೆ ಕಂಡವನಿಗೆ ಇದು ದೊಡ್ಡ ಮಾತು.

ಇಷ್ಟು ಹೇಳಿ ಇನ್ನೊಂದನ್ನು ಬಿಟ್ಟರೆ ತಪ್ಪಾಗುತ್ತದೆ. ಆ ಪುಸ್ತಕದ ಮೊದಲ ಪುಟಕ್ಕೂ ಮೊದಲು ಆ ನೆಲ ಯಾರದ್ದು? ರಗ್ಬಿಯ ಉತ್ತರಕ್ಕೆ ಟರ್ಟಲ್ ಗುಡ್ಡಗಳಲ್ಲಿ ಈಗಲೂ ಚಿಪ್ಪೆವಾ ಎಂಬ ಮೂಲನಿವಾಸಿ ಜನರ ಮೀಸಲು ಪ್ರದೇಶವಿದೆ. ಸರ್ಕಾರ 1882ರಲ್ಲಿಯೇ ಅವರ ಸೀಮೆಯನ್ನು ವಲಸಿಗರಿಗೆ ತೆರೆದುಬಿಟ್ಟಿತು. ಒಪ್ಪಂದದ ಕಾಗದ ಬಂದದ್ದು ಹತ್ತು ವರ್ಷದ ನಂತರ, 1892ರಲ್ಲಿ: ಸುಮಾರು ಒಂದು ಕೋಟಿ ಎಕರೆಗೆ ಹತ್ತು ಲಕ್ಷ ಡಾಲರ್. ಎಕರೆಗೆ ಹತ್ತು ಸೆಂಟು. ಅವರ ಮುಖಂಡ ಲಿಟಲ್ ಶೆಲ್ ಒಪ್ಪಲಿಲ್ಲ. ಸಂಸತ್ತು ಅದಕ್ಕೆ ಮುದ್ರೆ ಒತ್ತಿದ್ದು 1904ರಲ್ಲಿ. ಅಷ್ಟರಲ್ಲಿ ರಗ್ಬಿಗೆ ಹದಿನೆಂಟು ವರ್ಷ ತುಂಬಿತ್ತು. ಕಬ್ಜೆ ಮೊದಲು, ಕಾಗದ ಆಮೇಲೆ. ಕಂದಾಯದ ಕೆಲಸ ಮಾಡಿದ ಯಾರಿಗಾದರೂ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನೂರನೆಯ ಪಶ್ಚಿಮ ರೇಖಾಂಶ ರಗ್ಬಿಯ ಅಂಚಿಗೇ ಹಾಯುತ್ತದೆ. ಅದರ ಪಶ್ಚಿಮಕ್ಕೆ ವರ್ಷದ ಮಳೆ ಇಪ್ಪತ್ತು ಇಂಚಿಗಿಂತ ಕಡಿಮೆ, ಮಳೆ ನಂಬಿ ಒಕ್ಕಲುತನ ಮಾಡುವುದು ಕಷ್ಟ ಎಂದು ಜಾನ್ ವೆಸ್ಲಿ ಪೊವೆಲ್ ಎಂಬ ಸರ್ವೆ ಅಧಿಕಾರಿ 1878ರಲ್ಲೇ ವರದಿ ಬರೆದಿದ್ದರು. 1889ರಲ್ಲಿ ಉತ್ತರ ಡಕೋಟಾದ ಸಂವಿಧಾನ ಸಭೆಗೇ ಬಂದು ಎಚ್ಚರಿಸಿದರು. ಮಾತು 1930ರ ದಶಕದ ಬರಗಾಲದಲ್ಲಿ ನಿಜವಾಯಿತು. 1936ನೆಯ ಇಸವಿ ನೋಡಿ. ಫೆಬ್ರುವರಿ 15ರಂದು ಅದೇ ರಾಜ್ಯದ ಪಾರ್ಶಲ್‌ನಲ್ಲಿ ಮೈನಸ್ 51 ಡಿಗ್ರಿ ಸೆಲ್ಸಿಯಸ್. ಜುಲೈ 6ರಂದು ಸ್ಟೀಲ್ ಎಂಬ ಊರಿನಲ್ಲಿ 49 ಡಿಗ್ರಿ. ಐದು ತಿಂಗಳಲ್ಲಿ ನೂರು ಡಿಗ್ರಿಯ ಅಂತರ. ಎರಡೂ ಈಗಲೂ ರಾಜ್ಯದ ದಾಖಲೆಗಳು. ನಾನು ಹೋದದ್ದು ಜುಲೈ. ಆದರೂ ಅಳಿಯನ ಕಾರಿನ ಮೂತಿಯಿಂದ ಒಂದು ವೈರು, ಅದರ ತುದಿಗೆ ಪ್ಲಗ್ಗು ಜೋತಾಡುತ್ತಿತ್ತು. ಏನಪ್ಪಾ ಇದು ಅಂದರೆ, ಚಳಿಗಾಲದ ರಾತ್ರಿ ಎಂಜಿನ್ನು ಹೆಪ್ಪುಗಟ್ಟದಂತೆ ಕರೆಂಟಿಗೆ ಹಾಕಿ ಮಲಗಬೇಕಂತೆ.

ಜುಲೈನಲ್ಲಿ ಹೋದದ್ದಕ್ಕೆ ನನಗೆ ಸಿಕ್ಕ ಭಾಗ್ಯ ಬೇರೆ. ಬೆಳಗಿನ ಹೊತ್ತು ರಸ್ತೆಯ ಎರಡೂ ಕಡೆ ನೀಲಿ. ಕೆರೆ ಅಂದುಕೊಂಡೆ. ಇಳಿದು ನೋಡಿದರೆ ಅಗಸಿ! ನಮ್ಮ ಅಗಸಿ ಹಿಂಡಿಯ ಅಗಸಿ. ಮೊಳಕಾಲೆತ್ತರದ ತೆಳ್ಳನೆಯ ದಂಟು, ತುದಿಗೆ ಐದೆಸಳಿನ ನೀಲಿ ಹೂ. ಮಧ್ಯಾಹ್ನ ಅದೇ ದಾರಿಯಲ್ಲಿ ಮರಳಿದಾಗ ನೀಲಿ ಇರಲಿಲ್ಲ. ಹೂವೆಲ್ಲ ಉದುರಿ ಹೊಲ ಬರೀ ಹಸಿರು. ಬೆಳಗ್ಗೆ ಅರಳಿ ಹಗಲಲ್ಲೇ ಎಸಳು ಉದುರಿಸುವುದು ಅದರ ಗುಣ ಎಂದು ಗೊತ್ತಿದ್ದರೂ, ಇಷ್ಟಗಲ ಹೊಲ ಒಮ್ಮೆಲೇ ಬಣ್ಣ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. ಅಮೆರಿಕದಲ್ಲಿ ಅಗಸಿ ಬೆಳೆಯುವುದರಲ್ಲಿ ಉತ್ತರ ಡಕೋಟಾದ್ದೇ ಮೊದಲ ಸ್ಥಾನ. ಗೋಧಿ, ಕನೋಲ, ಸೂರ್ಯಕಾಂತಿ, ಸೋಯಾ ಕೂಡ ಇವೆ.

ಬೆಳೆದದ್ದು ಹೋಗುವುದು ರೈಲು ಹಳಿಯ ಪಕ್ಕದ ಎಲಿವೇಟರಿಗೆ, ಅಂದರೆ ಕಾಳು ತುಂಬುವ ಎತ್ತರದ ಕಣಜಕ್ಕೆ. ಹತ್ತು ಮೈಲಿ ದೂರದಿಂದಲೂ ಕಾಣುವುದು ಅದೇ. ತೂಕದಲ್ಲಿ, ದರ್ಜೆಯಲ್ಲಿ, ಕಸ ಎಂದು ಕಡಿತ ಮಾಡುವುದರಲ್ಲಿ ಪೇಟೆಯವರು ಮೋಸ ಮಾಡುತ್ತಾರೆಂದು ರೈತರು 1915ರಲ್ಲಿ ಸಂಘಟನೆ ಕಟ್ಟಿದರು, ಚುನಾವಣೆ ಗೆದ್ದರು. 1919ರಲ್ಲಿ ರಾಜ್ಯದ್ದೇ ಬ್ಯಾಂಕು ತೆರೆದರು, 1922ರಲ್ಲಿ ರಾಜ್ಯದ್ದೇ ಹಿಟ್ಟಿನ ಗಿರಣಿ. ಎರಡೂ ಇಂದಿಗೂ ನಡೆಯುತ್ತಿವೆ. ಇದನ್ನು ಕೇಳುವಾಗ ನನಗೆ 1980ರ ಜುಲೈ 21 ನೆನಪಾಯಿತು. ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ನಮ್ಮ ನವಲಗುಂದ, ನರಗುಂದದ ರೈತರು ಎದ್ದ ದಿನ, ಗೋಲಿಬಾರ್ ಆದ ದಿನ. ಅಲ್ಲಿ ರೈತರ ಸಿಟ್ಟು ಒಂದು ಬ್ಯಾಂಕಾಗಿ ನಿಂತಿತು. ನಮ್ಮಲ್ಲಿ ಸರ್ಕಾರ ಬದಲಾಯಿತು, ವೀರಗಲ್ಲು ಉಳಿಯಿತು. ಇದನ್ನು ನಾನು ನೋವಿನಿಂದಲೇ ಹೇಳುತ್ತಿದ್ದೇನೆ.

ಈಗ ಜನಸಂಖ್ಯೆ. ಪಿಯರ್ಸ್ ಕೌಂಟಿಯ ವಿಸ್ತೀರ್ಣ ನಮ್ಮ ಕೊಡಗು ಜಿಲ್ಲೆಯ ಮೂರರಲ್ಲಿ ಎರಡು ಪಾಲು. ಕೊಡಗಿನಲ್ಲಿ ಐದೂವರೆ ಲಕ್ಷ ಜನ. ಅಲ್ಲಿ 2020ರ ಗಣತಿಯಲ್ಲಿ 3,990. ಅದರಲ್ಲಿ 2,509 ಜನ ರಗ್ಬಿಯಲ್ಲೇ. ನೂರು ವರ್ಷದ ಹಿಂದೆ ಕೌಂಟಿಯಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರಿದ್ದರು. ಕುದುರೆ ಬಂಡಿಯಲ್ಲಿ ಕಾಳು ತಂದು ಅದೇ ದಿನ ಮರಳಲಿ ಎಂದು ರೈಲಿನವರು ಏಳೆಂಟು ಮೈಲಿಗೊಂದು ಊರು ಹೂಡಿದ್ದರು. ಲಾರಿ ಬಂತು, ದೊಡ್ಡ ಟ್ರ್ಯಾಕ್ಟರ್ ಬಂತು, ರಾಜ್ಯದಲ್ಲಿ ಸರಾಸರಿ ಹಿಡುವಳಿ ಸುಮಾರು 1,500 ಎಕರೆಯಾಯಿತು. ನಡುವಿನ ಊರುಗಳಿಗೆ ಕೆಲಸವೇ ಉಳಿಯಲಿಲ್ಲ. ಒಂದು ಮುಚ್ಚಿದ ಶಾಲೆ, ಒಂದು ಚರ್ಚು, ಸಾಲು ಗಿಡದ ನಡುವೆ ಮನೆಯ ತಳಪಾಯ, ಅಷ್ಟೇ. ರಗ್ಬಿ ಉಳಿಯಿತು. ಕಂಬದಿಂದಲ್ಲ. ಕಚೇರಿ ಅಲ್ಲಿದೆ, ಎಲಿವೇಟರ್ ಇದೆ, ಹೈಸ್ಕೂಲ್ ಇದೆ, ರೈಲು ನಿಲ್ಲುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಆಸ್ಪತ್ರೆ ಇದೆ.

ಇಂಥ ಊರಿಗೆ ವೈದ್ಯರು ಬರುವುದೇ ಕಷ್ಟ. ಆ ರಾಜ್ಯದ ಸೆನೆಟರ್ ಆಗಿದ್ದ ಕೆಂಟ್ ಕಾನ್ರಡ್ ಅವರ ಹೆಸರಿನಲ್ಲಿ 1994ರಿಂದ ಒಂದು ಯೋಜನೆಯಿದೆ. ಅಮೆರಿಕದಲ್ಲಿ ತರಬೇತಿ ಪಡೆದ ಹೊರದೇಶದ ವೈದ್ಯರು ಸಾಮಾನ್ಯವಾಗಿ ಎರಡು ವರ್ಷ ತಾಯ್ನಾಡಿಗೆ ಮರಳಬೇಕು. ವೈದ್ಯರ ಕೊರತೆಯ ಊರಿನಲ್ಲಿ ಮೂರು ವರ್ಷ ದುಡಿದರೆ ಆ ಷರತ್ತು ಬಿಡುತ್ತಾರೆ. ಭಾರತದ ಎಷ್ಟೋ ವೈದ್ಯರು ಅಮೆರಿಕದ ಹಳ್ಳಿಗಳಿಗೆ ಬಂದದ್ದು ಈ ದಾರಿಯಲ್ಲೇ. ನಮ್ಮ ಅಳಿಯನೂ ಹಾಗೇ ಬಂದವನು. ಮೂರು ವರ್ಷ ಮುಗಿದಿದೆ, ಇನ್ನೂ ಹೋಗಿಲ್ಲ. ಯಾಕೋ ಅಂದೆ. "ನಾ ಹೋದರ ಇವರನ್ನ ಯಾರು ನೋಡತಾರ ಮಾಮಾ" ಅಂದ.

ಹೊರಡುವ ದಿನ ರಾತ್ರಿ ಹತ್ತಾದರೂ ಪಡುವಣದಲ್ಲಿ ಬೆಳಕು ಆರಿರಲಿಲ್ಲ. 1907ರಲ್ಲಿ ಕಟ್ಟಿದ ರೈಲು ನಿಲ್ದಾಣದಲ್ಲಿ ಇಬ್ಬರೂ ಕೂತಿದ್ದೆವು. ಅಳಿಯನ ಫೋನು ಬಡಿಯಿತು, ಆಸ್ಪತ್ರೆಯಿಂದ. ಅವನು ನನ್ನ ಮುಖ ನೋಡಿದ. ಹೋಗೋ ಅಂದೆ. ಪಕ್ಕದ ಬೆಂಚಿನಲ್ಲಿ ಮೊಮ್ಮಗಳನ್ನು ಕಳಿಸಲು ಬಂದಿದ್ದ ಮುದುಕರೊಬ್ಬರು ಇದನ್ನು ಕಂಡು ಅವನಿಗೆ ಕೈ ಬೀಸಿ, ಎದ್ದು ಬಂದು ನನ್ನ ಪಕ್ಕ ಕೂತರು. ಹೆಚ್ಚು ಮಾತಿಲ್ಲ. ದೊಡ್ಡ ಕೈ, ಉಗುರಲ್ಲಿ ಮಣ್ಣು. ರೈಲು ಬಂದಾಗ ನನ್ನ ಪೆಟ್ಟಿಗೆ ಎತ್ತಿ ಮೊಮ್ಮಗಳ ಕೈಗೆ ಕೊಟ್ಟು, ನನ್ನ ಕಡೆ ಬೆರಳು ತೋರಿಸಿ ಅವಳಿಗೆ ಏನೋ ಹೇಳಿದರು. ಆ ಹುಡುಗಿ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟಳು. ರೈಲು ಹೊರಟಾಗ ಮುದುಕರು ಇನ್ನೂ ಅಲ್ಲೇ ನಿಂತಿದ್ದರು. ಅವರ ಬೆನ್ನ ಹಿಂದೆ ಎಲಿವೇಟರಿನ ದೀಪ ಹತ್ತಿತ್ತು.

ನಮಸ್ಕಾರ.